ಅಪ್ಪನ ಕೈ ಬಂದವಳು

ಊರಿನವರು ನನ್ನ ತಂಗಿಯನ್ನು ಬೋರ್ಡಮ್ಮ ಅಂತ ಕರೆಯುತ್ತಾರೆ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವಳ ಕಸುಬು. ನಾನು ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವ ದಾರಿಯಲ್ಲಿ ಬೇಕರಿ, ಔಷಧಿ ಅಂಗಡಿ, ಬೀಗ ರಿಪೇರಿಯವನು, ಹಲ್ಲಿನ ಡಾಕ್ಟರು, ಎಲ್ಲರ ನೆತ್ತಿಯ ಮೇಲೂ ಅವಳದೇ ಅಕ್ಷರ. ತಲೆ ತಗ್ಗಿಸಿ ನಡೆಯೋಣವೆಂದರೆ ಬಸ್ ನಿಲ್ದಾಣದ ಹತ್ತಿರ ನೆಲದ ಮೇಲೂ 'ಇಲ್ಲಿ ನಿಲ್ಲಿ' ಎಂದು ಬರೆದಿಟ್ಟಿದ್ದಾಳೆ. ಈಗ ಯಂತ್ರದಲ್ಲಿ ಅಚ್ಚಾಗಿ ಬರುವ ಪ್ಲಾಸ್ಟಿಕ್ ಬೋರ್ಡು ಅಗ್ಗಕ್ಕೆ ಸಿಗುತ್ತದೆ. ಆದರೂ ಹೊಸ ಅಂಗಡಿ ತೆರೆಯುವವರು ಅವಳ ಶೆಡ್ಡಿನ ಬಾಗಿಲಿಗೇ ಹೋಗಿ ನಿಲ್ಲುತ್ತಾರೆ, ಕಾಯುತ್ತಾರೆ, ಬೈಸಿಕೊಂಡು ಬರುತ್ತಾರೆ.

ಅವಳ ಬಗ್ಗೆ ಬರೆಯಲು ನಾನು ತಕ್ಕವಳಲ್ಲ. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಟ್ಟರೆ ಓದುವವರಿಗೂ ಅನುಕೂಲ, ನನಗೂ ಅನುಕೂಲ. ಆದರೆ ನನ್ನಷ್ಟು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅವಳನ್ನು ನೋಡಿದವರು ಇನ್ನೊಬ್ಬರಿಲ್ಲ. ಮೆಚ್ಚಿಕೊಂಡವರು ಒಂದು ಸಲ ನೋಡಿ ಹೋಗಿಬಿಡುತ್ತಾರೆ. ನಾನು ದಿನಾ ನಿಂತು, ಎಲ್ಲಾದರೂ ಒಂದು ಗೆರೆ ಸೊಟ್ಟಗಿದೆಯಾ ಎಂದು ಹುಡುಕುತ್ತೇನೆ. ಇವತ್ತಿನವರೆಗೂ ಸಿಕ್ಕಿಲ್ಲ.

ನಮ್ಮಪ್ಪನೂ ಬೋರ್ಡು ಬರೆಯುವವನೇ. ಮನೆಯ ಹಿಂದೆ ತಗಡಿನ ಶೆಡ್ಡು, ಅದರೊಳಗೆ ಬಣ್ಣದ ಡಬ್ಬಿಗಳು, ಗೋಡೆಗೆ ಒರಗಿಸಿದ ಹಲಗೆಗಳು, ಟರ್ಪೆಂಟೈನ್ ವಾಸನೆ. ಆ ಶೆಡ್ಡಿನೊಳಗೆ ಮಕ್ಕಳು ಕಾಲಿಡುವ ಹಾಗಿರಲಿಲ್ಲ. ಅಪ್ಪ ಕಡಿಮೆ ಮಾತಿನವನು. ಸಂಜೆ ಮನೆಗೆ ಬಂದರೆ ಅಮ್ಮ ಅವನ ಲೋಟಕ್ಕೆ ಅರ್ಧವೇ ಚಹಾ ಹಾಕಿ ಕೊಡುತ್ತಿದ್ದಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಅಮ್ಮನ ಜಿಪುಣತನ ಎಂದುಕೊಂಡಿದ್ದೆ ನಾನು. ಬೆಳಿಗ್ಗೆ ಅವನ ಅಂಗಿಯ ಗುಂಡಿಯನ್ನೂ ಅವಳೇ ಹಾಕುತ್ತಿದ್ದಳು. ಅದನ್ನು ಪ್ರೀತಿ ಎಂದುಕೊಂಡು, ನಾನು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದೆ.

ಶೆಡ್ಡಿನಲ್ಲಿ ಅಪ್ಪನ ಕಸುಬು ಕಲಿಯಲು ಒಬ್ಬರು ಬೇಕೆಂದಾಗ ನಾನೇ ದೊಡ್ಡವಳು, ನನ್ನದೇ ಸರದಿ ಎಂದು ಕಾದಿದ್ದೆ. ಅಮ್ಮ ನಮ್ಮಿಬ್ಬರ ಕೈಗಳನ್ನೂ ಊಟದ ಮೇಜಿನ ಮೇಲೆ ಇಡಿಸಿದಳು. ತಂಗಿಯದು ಅಪ್ಪನ ಹಾಗೆ ಉದ್ದ ಬೆರಳು, ಕಿರುಬೆರಳು ತುದಿಯಲ್ಲಿ ಸ್ವಲ್ಪ ಒಳಕ್ಕೆ ಬಾಗಿದ್ದು. ನನ್ನದು ಗಿಡ್ಡ ಬೆರಳು, ನಮ್ಮ ಸೋದರತ್ತೆಯ ಹಾಗೆ. ಆ ಅತ್ತೆ ಜೀವನದಲ್ಲಿ ಏನು ಮಾಡಿದಳೆಂದು ಯಾರಿಗೂ ಗೊತ್ತಿಲ್ಲ.

"ಇವಳಿಗೆ ಅಪ್ಪನ ಕೈ ಬಂದಿದೆ," ಅಂದಳು ಅಮ್ಮ.

ಅಷ್ಟೇ ವಿಚಾರಣೆ, ಅಷ್ಟೇ ತೀರ್ಪು. ಒಂದು ಗೆರೆ ಎಳೆದು ತೋರಿಸಿ ಎಂದು ಕೂಡ ಕೇಳಲಿಲ್ಲ. ಒಂದು ಡೊಂಕು ಕಿರುಬೆರಳಿನ ಬಲದ ಮೇಲೆ ತಂಗಿ ಶೆಡ್ಡಿಗೆ ಹೋದಳು, ನಾನು ಟೈಪಿಂಗ್ ಕ್ಲಾಸಿಗೆ ಹೋದೆ. ಆಮೇಲೆ ಮನೆಗೆ ಬಂದವರೆಲ್ಲ ಅದೇ ರಾಗ ಹಾಡಿದರು. ಚಿಕ್ಕವಳಿಗೆ ಅಪ್ಪನ ಕೈ ಬಂದಿದೆ, ರಕ್ತದಲ್ಲೇ ಬಂದಿದೆ, ಕಲಿಸಿದರೆ ಬರುವಂಥದ್ದಲ್ಲ. ನನ್ನನ್ನು ನೋಡಿ, ದೊಡ್ಡವಳು ಓದಿನಲ್ಲಿ ಪರವಾಗಿಲ್ಲವಂತೆ, ಅನ್ನುತ್ತಿದ್ದರು. ಪರವಾಗಿಲ್ಲ ಎಂಬ ಮಾತನ್ನು ನಾನು ಇಂದಿಗೂ ಯಾರ ಬಗ್ಗೆಯೂ ಬಳಸುವುದಿಲ್ಲ.

ವರ್ಷಗಳು ಕಳೆದ ಹಾಗೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಬುದ್ಧಿ ಬಂತು. ಸರಿ, ಅವಳಿಗೆ ಅಪ್ಪನ ಕೈ ಬಂದಿದೆ. ಹಾಗಾದರೆ ಅವಳದೇನು ಹೆಚ್ಚುಗಾರಿಕೆ? ಪುಕ್ಕಟೆ ಬಂದದ್ದಕ್ಕೆ ಯಾಕಿಷ್ಟು ಹೊಗಳಿಕೆ? ಯಾರಾದರೂ ಓದಿಕೊಂಡವರು, ಲೆಕ್ಕ ಬಲ್ಲವರು, ಇದು ಅವಳ ಸಾಧನೆಯಲ್ಲ, ಹುಟ್ಟಿನಿಂದ ಬಂದದ್ದು ಎಂದು ಒಂದು ಅಂಕಿ ಇಟ್ಟು ಹೇಳಿಬಿಟ್ಟರೆ ಸಾಕಿತ್ತು. ನನಗೆ ಬೇಕಾಗಿದ್ದು ಅದೊಂದೇ. ಅಷ್ಟು ಸಿಕ್ಕಿದರೆ ಬೆಳಿಗ್ಗೆ ತಲೆಯೆತ್ತಿಕೊಂಡು ಬೇಕರಿಯ ಮುಂದೆ ನಡೆಯಬಹುದು ಅನ್ನಿಸಿತ್ತು.

ಅಂಥವರು ನನಗೆ ಸಿಕ್ಕಿಯೂ ಸಿಕ್ಕಿದರು. ನಾನು ಕೆಲಸ ಮಾಡುವ ಸಂಶೋಧನಾ ಕೇಂದ್ರದಲ್ಲಿ ಊರಿನ ಜನರನ್ನು ಅಳೆಯುವ ದೊಡ್ಡ ಅಧ್ಯಯನ ಶುರುವಾಯಿತು. ವಿಳಾಸಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಕರೆಸುವುದು. ಬಂದವರ ಎತ್ತರ, ತೂಕ, ಹಿಡಿತದ ಬಲ, ಕೈಯ ಸ್ಥಿರತೆ ಎಲ್ಲ ಅಳೆಯುವುದು. ಒಂದು ಸಣ್ಣ ಕೊಳವೆಯಲ್ಲಿ ಗೆರೆ ಮುಟ್ಟುವವರೆಗೆ ಉಗುಳಿಸಿ, ಡಿಎನ್‌ಎ ತೆಗೆಯಲು ಮೇಲಿನ ಮಹಡಿಗೆ ಕಳಿಸುವುದು. ಗಂಭೀರವಾದ ದೊಡ್ಡ ಮನುಷ್ಯರು ಗೋಡೆಯ ಕಡೆ ತಿರುಗಿ ಕೊಳವೆಗೆ ಉಗುಳುವುದನ್ನು ನೋಡುವುದು ನನ್ನ ಕೆಲಸದ ದೊಡ್ಡ ಸುಖ. ನೆಲಮಹಡಿಯ ಅಳತೆಯ ಕೋಣೆ ನನ್ನದು. ಲೆಕ್ಕವೆಲ್ಲ ಮೇಲಿನ ಮಹಡಿಯ ಮೇಡಂದು.

ಮೇಡಂ ಒಳ್ಳೆಯವರು. ನನಗಿಂತ ಚಿಕ್ಕವರು, ಏನು ಕೇಳಿದರೂ ಮುಖ ಗಂಟಿಕ್ಕದೆ ಹೇಳುತ್ತಾರೆ. ಮೊದಲ ವಾರವೇ ಕೇಳಿದ್ದೆ, "ಈ ಉಗುಳಿಗೂ ಎತ್ತರಕ್ಕೂ ಏನು ಸಂಬಂಧ ಮೇಡಂ?"

"ನೋಡಿ, ಇಬ್ಬರು ಅಪರಿಚಿತರನ್ನ ತಗೊಳ್ಳಿ," ಅಂದರು. "ಒಂದೇ ಮನೆಯವರಲ್ಲ, ಒಟ್ಟಿಗೆ ಉಂಡವರಲ್ಲ. ಆದ್ರೂ ಅವರ ಡಿಎನ್‌ಎ ಹೋಲಿಸಿದ್ರೆ ಕೆಲವು ಜೋಡಿ ಕೂದಲೆಳೆಯಷ್ಟು ಹೆಚ್ಚು ಹೋಲ್ತವೆ, ಕೆಲವು ಕಡಿಮೆ. ಹಾಗೆ ಹೆಚ್ಚು ಹೋಲೋ ಜೋಡಿಗಳು ಎತ್ತರದಲ್ಲೂ ಹೆಚ್ಚು ಹೋಲ್ತವಾ ಅಂತ ನೋಡೋದು. ಒಂದು ಜೋಡಿ ನೋಡಿದ್ರೆ ಏನೂ ಗೊತ್ತಾಗಲ್ಲ. ಸಾವಿರಾರು ಜನರನ್ನ ಒಬ್ಬರ ಪಕ್ಕ ಒಬ್ಬರನ್ನ ಇಟ್ಟು ನೋಡಿದ್ರೆ ನಿಧಾನಕ್ಕೆ ಒಂದು ಅಂಕಿ ಬರುತ್ತೆ."

"ಅಪರಿಚಿತರೇ ಯಾಕೆ? ಅಕ್ಕ ತಂಗೀನ ಇಟ್ಟು ನೋಡಿದ್ರೆ ಆಗಲ್ವಾ?"

"ಅಕ್ಕ ತಂಗಿ ಅಂದ್ರೆ ರಕ್ತಾನೂ ಒಂದೇ, ಅಡುಗೆಮನೇನೂ ಒಂದೇ. ಯಾವುದು ಎಲ್ಲಿಂದ ಬಂತು ಅಂತ ಬಿಡಿಸೋದು ಕಷ್ಟ. ಈ ಲೆಕ್ಕಕ್ಕೆ ಅಂಥವರು ಬೇಡ."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಹಾಗಾದ್ರೆ ಒಬ್ಬಳ ಕೈ ಚೆನ್ನಾಗಿದೆ ಅಂದ್ಕೊಳ್ಳಿ. ಅದರಲ್ಲಿ ಅಪ್ಪಂದೆಷ್ಟು, ಅವಳದ್ದೆಷ್ಟು ಅಂತ ಹೇಳ್ತೀರಾ?"

"ಒಬ್ಬರ ಬಗ್ಗೆ ಹೇಳೋಕೆ ಬರಲ್ಲ," ಅಂದರು ಮೇಡಂ. "ಈ ಲೆಕ್ಕ ಊರಿಂದು. ಜನ ಒಬ್ಬರಿಗಿಂತ ಒಬ್ಬರು ಬೇರೆ ಇದಾರಲ್ಲ, ಆ ವ್ಯತ್ಯಾಸದಲ್ಲಿ ಎಷ್ಟು ಪಾಲು ಡಿಎನ್‌ಎಯಿಂದ ಅಂತ ಮಾತ್ರ ಹೇಳಬಹುದು. ನಿಮ್ಮ ಎತ್ತರದಲ್ಲಿ ಇಷ್ಟು ಇಂಚು ನಿಮ್ಮಪ್ಪಂದು ಅಂತ ಯಾರೂ ಹೇಳೋಕಾಗಲ್ಲ."

ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುವ ಕಿವಿ ನನ್ನದು. ಪಾಲು ಎಂಬ ಮಾತನ್ನು ಇಟ್ಟುಕೊಂಡೆ, ಉಳಿದದ್ದನ್ನು ಬಿಟ್ಟೆ. ಕೈಯ ಸ್ಥಿರತೆಯ ಅಂಕಿ ಬರಲಿ, ದೊಡ್ಡದಾಗಿ ಬರಲಿ ಎಂದು ಕಾದೆ.

ಆ ಸ್ಥಿರತೆ ಅಳೆಯುವುದಕ್ಕೆ ಒಂದು ಪೆಟ್ಟಿಗೆ ಇದೆ. ಎದುರಿಗೆ ಲೋಹದ ತಗಡು, ಅದರಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ರಂಧ್ರಗಳು. ತಂತಿ ಕಟ್ಟಿದ ಒಂದು ಕಡ್ಡಿಯನ್ನು ಪೆನ್ಸಿಲ್ ಹಿಡಿದ ಹಾಗೆ ಹಿಡಿದು, ಅಂಚಿಗೆ ತಾಗಿಸದೆ ಒಂದೊಂದೇ ರಂಧ್ರದಲ್ಲಿ ಹಿಡಿದಿರಬೇಕು. ತಾಗಿದರೆ ಗುಂಯ್ ಅನ್ನುತ್ತದೆ. ಮೊಣಕೈ ಮೇಜಿಗೆ ಊರುವ ಹಾಗಿಲ್ಲ. ಬಂದವರಿಗೆ ಮೊದಲು ನಾನು ಮಾಡಿ ತೋರಿಸುತ್ತೇನೆ. ಅವರ ಮುಖ ನೋಡುತ್ತ, ಹೇಳಬೇಕಾದ್ದನ್ನು ಹೇಳುತ್ತ, ಕೊನೆಯ ಸೂಜಿಮೊನೆಯಂಥ ರಂಧ್ರದವರೆಗೆ ಹೋಗಿ ಬರುತ್ತೇನೆ. "ನಿಮಗೇನಮ್ಮ, ಸಲೀಸು," ಎಂದು ಕೆಲವರು ಗೊಣಗುತ್ತಾರೆ. ಪೆಟ್ಟಿಗೆ ನನಗೆ ಅಭ್ಯಾಸ, ಅಷ್ಟೇ, ಅನ್ನುತ್ತೇನೆ.

ಶುರುವಿನಲ್ಲಿ ಕೇಂದ್ರದ ಕೆಲಸದವರನ್ನೂ ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು. ನಾನೂ ಉಗುಳಿದೆ, ಎತ್ತರ ಕೊಟ್ಟೆ, ತೂಕವನ್ನೂ ಹಲ್ಲು ಕಚ್ಚಿಕೊಂಡು ಕೊಟ್ಟೆ. ಆ ಪೆಟ್ಟಿಗೆಯ ಮುಂದೆ ಮಾತ್ರ ಕೂರಲಿಲ್ಲ. ಮಣಿಕಟ್ಟು ಉಳುಕಿದೆ, ಆಮೇಲೆ ಮಾಡ್ತೀನಿ ಅಂದೆ. ಉಳುಕೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನನ್ನ ಹೆಸರಿನಲ್ಲಿ ಅದು ಗುಂಯ್ ಅಂದರೆ ಅಮ್ಮನ ತೀರ್ಪಿಗೆ ಸರ್ಕಾರಿ ಮೊಹರು ಬಿದ್ದ ಹಾಗೆ ಅನ್ನಿಸಿತು. ಆಮೇಲೆ ಎಂಬುದು ಬರಲೇ ಇಲ್ಲ, ಯಾರೂ ಕೇಳಲೂ ಇಲ್ಲ. ಹೀಗೇ ಹನ್ನೊಂದು ವರ್ಷ ಕಳೆಯಿತು.

ಹೋದ ಚಳಿಗಾಲದಲ್ಲಿ ಒಂದು ದಿನ ಅಳತೆಯ ಕೋಣೆಯ ಬಾಗಿಲು ತೆರೆದರೆ, ಹೊರಗಿನ ಬೆಂಚಿನ ಮೇಲೆ ನನ್ನ ತಂಗಿ ಕೂತಿದ್ದಾಳೆ. ಚೀಟಿಯಲ್ಲಿ ಅವಳ ವಿಳಾಸ ಬಂದಿತ್ತು. ಮೈಮೇಲೆ ಅದೇ ಬಣ್ಣ ಮೆತ್ತಿದ ಕೋಟು, ಉಗುರಿನ ಸಂದಿಯಲ್ಲಿ ನೀಲಿ.

"ಏನಕ್ಕ, ಮನೆಗೆ ಕರೆದ್ರೆ ಬರಲ್ಲ ಅಂತ ನಾನೇ ಬಂದೆ. ಇಲ್ಲಾದ್ರೂ ಒಳಗೆ ಬಿಟ್ಕೋತೀಯಾ?"

"ಉಗುಳೋಕೆ ಅರ್ಧ ಗಂಟೆ ಮುಂಚೆ ಏನೂ ತಿಂದಿರಬಾರದು," ಅಂದೆ.

"ಬೈಗುಳ ತಿಂದ್ರೆ ಪರವಾಗಿಲ್ವಾ?"

ಅವಳು ನನ್ನ ತಂಗಿ ಎಂದು ಯಾರಿಗೂ ಹೇಳಲಿಲ್ಲ. ಸಂಬಂಧಿಕರು ಬಂದರೆ ಬೇರೆಯವರು ಅಳೆಯಬೇಕೆಂಬ ನಿಯಮ ಇತ್ತು. ನನಗೆ ನಿಯಮಕ್ಕಿಂತ ಆಸೆ ದೊಡ್ಡದಾಯಿತು. ಆ ಪ್ರಸಿದ್ಧ ಕೈ ಆ ಪೆಟ್ಟಿಗೆಯ ಮುಂದೆ ಸದ್ದೇ ಮಾಡದೆ ಕೂರುವುದನ್ನು ನಾನೇ ನೋಡಬೇಕಿತ್ತು. ನೋಡಿ ಚೆನ್ನಾಗಿ ಉರಿದುಕೊಳ್ಳಬೇಕಿತ್ತು. ನಿಯಮದ ಪ್ರಕಾರ ಮೊದಲು ನಾನು ಮಾಡಿ ತೋರಿಸಿದೆ. ಅವಳು ಪೆಟ್ಟಿಗೆ ನೋಡಲಿಲ್ಲ, ನನ್ನ ಕೈಯನ್ನೇ ನೋಡಿದಳು. ಆಮೇಲೆ ಕಡ್ಡಿ ತೆಗೆದುಕೊಂಡಳು.

ಎರಡನೆಯ ರಂಧ್ರದಲ್ಲೇ ಗುಂಯ್ ಅಂದಿತು.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. "ಸರಿಯಾಗಿ ಮಾಡು." ಮತ್ತೆ ಮಾಡಿದಳು, ಮತ್ತೆ ಗುಂಯ್. ಕಡ್ಡಿಯ ತುದಿ ಗಾಳಿಯಲ್ಲಿ ಅತ್ತಿಂದಿತ್ತ ಒಂದೇ ಸಮನೆ ನಡುಗುತ್ತಿತ್ತು. ನಾಲ್ಕನೆಯ ರಂಧ್ರಕ್ಕೆ ಬರುವಷ್ಟರಲ್ಲಿ ಪೆಟ್ಟಿಗೆ ಬಾಯಿ ಮುಚ್ಚಲೇ ಇಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಆ ಸುಖ ನಾನು ಅಂಕಿ ಬರೆದುಕೊಂಡು ಮುಗಿಸುವಷ್ಟು ಹೊತ್ತೂ ಉಳಿಯಲಿಲ್ಲ.

"ಏನೇ ಇದು? ಯಾವಾಗಿಂದ?"

"ಯಾವಾಗಿಂದ ಅಂದ್ರೆ? ಮೊದಲಿಂದಾನೂ," ಅಂದಳು. "ಅಪ್ಪಂಗೂ ಹಿಂಗೇ ಅಲ್ವಾ?"

"ಅಪ್ಪಂಗಾ?"

"ಮತ್ತೆ ಚಹಾ ಯಾಕೆ ಅರ್ಧ ಲೋಟ ಕೊಡ್ತಿದ್ಲು ಅಮ್ಮ? ತುಂಬಿಸಿದ್ರೆ ಎದೆ ಮೇಲೆ ಚೆಲ್ಲಿಕೊಳ್ತಿದ್ದ. ಗುಂಡಿ ಹಾಕ್ಕೊಳ್ಳೋಕೂ ಆಗ್ತಿರಲಿಲ್ಲ. ನಿಂಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಅದೇ ಮನೆಯಲ್ಲಿ, ಅದೇ ಮೇಜಿನಲ್ಲಿ ಕೂತು ಉಂಡವಳು ನಾನು. ನೋಡಬೇಕಾದಾಗಲೆಲ್ಲ ತಂಗಿಯ ಅಕ್ಷರಗಳ ಮೇಲೆ ಕಣ್ಣಿಟ್ಟಿದ್ದೆ, ಅವಳ ಕೈಯ ಮೇಲಲ್ಲ; ಇಲ್ಲವೇ ಕಿಟಕಿಯ ಕಡೆ ತಿರುಗಿದ್ದೆ.

"ಮತ್ತೆ ಬರೆಯೋದು ಹೆಂಗೆ?"

ಅವಳು ಕಡ್ಡಿಯನ್ನು ಮೇಜಿನ ಮೇಲಿಟ್ಟು ನಿಧಾನವಾಗಿ ಹೇಳಿದಳು. ಮೊದಲ ವರ್ಷವೆಲ್ಲ ಅಪ್ಪ ಅವಳಿಗೆ ಬಣ್ಣ ಮುಟ್ಟಲು ಬಿಟ್ಟಿರಲಿಲ್ಲವಂತೆ. ನೀರಿನಲ್ಲಿ ಅದ್ದಿದ ಬ್ರಷ್ಷಿನಿಂದ ಒಣ ಹಲಗೆಯ ಮೇಲೆ ಗೆರೆ ಎಳೆಯುವುದು, ಒಣಗಿದ ಮೇಲೆ ಮತ್ತೆ ಎಳೆಯುವುದು. ತುದಿಗೆ ಬಟ್ಟೆಯ ಉಂಡೆ ಕಟ್ಟಿದ ಕೋಲನ್ನು ಹಲಗೆಗೆ ಒರಗಿಸಿ ಅದರ ಮೇಲೆ ಮಣಿಕಟ್ಟು ಊರಬೇಕು. ಬೆರಳಿನಿಂದಲ್ಲ, ಭುಜದಿಂದ ಎಳೆಯಬೇಕು. ಉಸಿರು ಪೂರ್ತಿ ಹೊರಗೆ ಬಿಟ್ಟ ಮೇಲೆ ಒಂದು ಸಣ್ಣ ಬಿಡುವಿದೆ. ಆಗ ನಡುಕ ಕಡಿಮೆ ಇರುತ್ತದೆ, ಅಷ್ಟರಲ್ಲೇ ಬ್ರಷ್ಷು ಹಲಗೆಗೆ ತಾಗಿಬಿಡಬೇಕು. "ಎಷ್ಟು ಅತ್ತಿದೀನಿ ಗೊತ್ತಾ ಆ ಶೆಡ್ಡಲ್ಲಿ," ಅಂದಳು. "ನೀನು ಟೈಪಿಂಗ್ ಕ್ಲಾಸಿಗೆ ಹೋಗೋದನ್ನ ಕಿಟಕೀಲಿ ನೋಡ್ತಾ ಕೂತಿರ್ತಿದ್ದೆ. ಅಕ್ಕಂದು ಎಷ್ಟು ಸುಖ, ಯಂತ್ರದ ಕೀಲಿ ಒತ್ತಿದ್ರೆ ಅಕ್ಷರ ತಾನಾಗೇ ನೆಟ್ಟಗೆ ಬೀಳುತ್ತೆ ಅಂತ."

ಅವಳು ಹೋದ ಮೇಲೆ ನಾನು ಆ ಕಡ್ಡಿ ಹಿಡಿದುಕೊಂಡು ಕೂತೆ. ಕೊನೆಯ ರಂಧ್ರ. ಸದ್ದಿಲ್ಲ. ಎಡಗೈ. ಸದ್ದಿಲ್ಲ. ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ತಿಳಿಯಲಿಲ್ಲ. ಸತ್ತುಹೋದ ಅಮ್ಮನ ಮೇಲೆ ಇರಬೇಕು.

ಕೆಲವು ತಿಂಗಳ ಮೇಲೆ ಮೇಡಂ ಮೇಲಕ್ಕೆ ಕರೆಸಿದರು. ಬಾಗಿಲು ಹಾಕಿ, ಕೂರಿಸಿ, ಮೆತ್ತಗೆ ಕೇಳಿದರು. "ನಿಮ್ಮ ತಂಗಿ ಬಂದಿದ್ರಾ ಇಲ್ಲಿಗೆ?"

ಸಂಬಂಧಿಕರನ್ನು ಕಂಪ್ಯೂಟರ್ ತಾನೇ ಹುಡುಕುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಯಾರು ಬಾಯಿಗೆ ಬೀಗ ಹಾಕಿಕೊಂಡರೂ ಉಗುಳು ಹೇಳಿಬಿಡುತ್ತದೆ. ಅರ್ಧದಷ್ಟು ಡಿಎನ್‌ಎ ಇಬ್ಬರಲ್ಲೂ ಒಂದೇ, ಒಡಹುಟ್ಟಿದವರು ಎಂದು ಅದು ತೋರಿಸಿತ್ತು. ನಾನೇ ಅಳೆದೆನೆಂದು ಒಪ್ಪಿಕೊಂಡೆ. ತಂಗಿಯನ್ನು ಇನ್ನೊಂದು ಸಲ ಕರೆಸಿ, ಬೇರೆಯವರ ಕೈಲಿ ಅಳೆಸುತ್ತೇನೆ ಅಂದರು ಮೇಡಂ. ಆಮೇಲೆ ಮುಖ್ಯ ಮಾತಿಗೆ ಬಂದರು. ಇಂಥ ಜೋಡಿಗಳಲ್ಲಿ ಒಬ್ಬರನ್ನು ಲೆಕ್ಕದಿಂದ ತೆಗೆಯಬೇಕು.

"ಯಾರನ್ನ?"

"ಯಾರ ಅಳತೆ ಪೂರ್ತಿ ಇಲ್ವೋ ಅವರನ್ನ. ಅದು ಎಲ್ಲರಿಗೂ ಒಂದೇ ನಿಯಮ. ನಿಮ್ಮದರಲ್ಲಿ ಕೈ ಸ್ಥಿರತೆ ಖಾಲಿ ಇದೆ."

ನನ್ನನ್ನೇ ತೆಗೆದಿದ್ದರು. ಅಲ್ಲೂ ಅವಳನ್ನು ಉಳಿಸಿಕೊಂಡು ನನ್ನನ್ನು ಕೈಬಿಟ್ಟರು. ಮನೆಯಲ್ಲಿ ಆದದ್ದು ಕಂಪ್ಯೂಟರಿನಲ್ಲೂ ಆಯಿತು.

"ಈಗಲೇ ಮಾಡ್ತೀನಿ ಮೇಡಂ. ಪೆಟ್ಟಿಗೆ ತರಿಸಿ. ಒಂದು ಸದ್ದೂ ಬರಲ್ಲ, ನೋಡಿ ಬೇಕಾದ್ರೆ. ನನ್ನ ಕೈ ಅವಳ ಕೈಗಿಂತ ಚೆನ್ನಾಗಿದೆ."

ಮೇಡಂ ಬೇಜಾರಿನಿಂದ ತಲೆ ಅಲ್ಲಾಡಿಸಿದರು. "ಬರಲ್ಲ, ನಂಗೊತ್ತು. ಆದ್ರೆ ಹನ್ನೊಂದು ವರ್ಷ ದಿನಾ ಮಾಡಿ ತೋರಿಸಿದ ಕೈ ಅದು. ಅದರಲ್ಲಿ ಹುಟ್ಟಿನದೆಷ್ಟು, ಅಭ್ಯಾಸದ್ದೆಷ್ಟು ಅಂತ ಈಗ ಯಾರಿಗೂ ಗೊತ್ತಾಗಲ್ಲ. ಮೊದಲನೇ ವಾರ ಕೂತಿದ್ರೆ ತಗೋಬಹುದಿತ್ತು."

ಹೊರಡುವಾಗ ಅಂಕಿ ಕೇಳಿದೆ. ಎತ್ತರದ ವ್ಯತ್ಯಾಸದಲ್ಲಿ ಡಿಎನ್‌ಎಯ ಪಾಲು ಅರ್ಧದ ಹತ್ತಿರ ಬರುತ್ತಿದೆ, ಕೈ ಸ್ಥಿರತೆಯದು ಅದಕ್ಕಿಂತ ತುಂಬಾ ಕಡಿಮೆ, ಇನ್ನೂ ಖಚಿತವಿಲ್ಲ ಅಂದರು. ಅಷ್ಟು ವರ್ಷ ಕಾದ ಅಂಕಿ. ಕೇಳಿಸಿಕೊಂಡೆ, ಮೆಟ್ಟಿಲಿಳಿದೆ, ಅದನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ.

ಬೇಸಿಗೆಗೆ ಕೇಂದ್ರದ ಗೇಟಿನ ಬೋರ್ಡು ಹಳತಾಯಿತೆಂದು ಹೊಸದು ಬರೆಸಿದರು. ಯಾರ ಕೈಲಿ ಎಂದು ಕೇಳಬೇಕಾಗಿಲ್ಲ. ಅವಳ ಅಕ್ಷರ ಕಾಣದ ಜಾಗ ನನಗೆ ಅದೊಂದೇ ಉಳಿದಿತ್ತು, ಅದೂ ಹೋಯಿತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಹೊರಗೆ ಬಂದರೆ ಅವಳು ಏಣಿಯ ಮೇಲಿಂದ ಇಳಿದು ನಿಂತಿದ್ದಳು. ಅಕ್ಷರಗಳೆಲ್ಲ ಆಗಿದ್ದವು. ಕೆಳಗೆ ಎರಡು ತೆಳು ಗೆರೆ ಬಾಕಿ.

"ಅಕ್ಕ, ಒಂದು ಗೆರೆ ನೀನು ಎಳೀತೀಯಾ? ಈಚೆಗೆ ನನ್ನ ಕೈ ಜಾಸ್ತಿ ಆಡ್ತಿದೆ. ನಿನ್ನ ಕೈ ಅವತ್ತು ನೋಡಿದೆ, ಬಂಡೆ ಹಾಗಿದೆ."

ನಲವತ್ತು ವರ್ಷ ಈ ಮಾತಿಗೆ ಕಾದಿದ್ದೆ. ಬೇಡ ಎಂದು ಬಿಗುಮಾನ ತೋರಿಸುವಷ್ಟು ತಾಳ್ಮೆಯೂ ಇರಲಿಲ್ಲ. ಬ್ರಷ್ಷು ತೆಗೆದುಕೊಂಡು, ಬಣ್ಣದಲ್ಲಿ ಅದ್ದಿ, ಕೋಲು ಗೀಲು ಏನೂ ಇಲ್ಲದೆ ಎಳೆದೆ. ಕೈ ಕೂದಲೆಳೆಯಷ್ಟೂ ಅಲುಗಲಿಲ್ಲ. ಗೆರೆ ನೆಟ್ಟಗೇ ಇತ್ತು. ಆದರೆ ಶುರುವಿನಲ್ಲಿ ಬಣ್ಣ ಮುದ್ದೆಯಾಗಿತ್ತು, ನಡುವೆ ಒಣಗಿ ಹಲಗೆ ಕಾಣುತ್ತಿತ್ತು, ಕೊನೆ ಮೊಂಡಾಗಿ ನಿಂತಿತ್ತು. ನೆಲ ಒರೆಸಿದ ಗುರುತಿನ ಹಾಗಿತ್ತು.

ತಂಗಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅದರ ಕೆಳಗೆ ಕೋಲು ಒರಗಿಸಿ ಮಣಿಕಟ್ಟು ಊರಿದಳು. ಬ್ರಷ್ಷಿನ ತುದಿ ಗಾಳಿಯಲ್ಲಿ ನಡುಗುತ್ತಿತ್ತು, ಅಪ್ಪನ ಕೈಯ ಲೋಟ ಹೀಗೇ ನಡುಗಿರಬೇಕು. ಉಸಿರು ಬಿಟ್ಟಳು. ತುದಿ ಹಲಗೆಗೆ ತಾಗಿತು, ನಡುಕ ನಿಂತಿತು, ಭುಜ ನಿಧಾನವಾಗಿ ಸರಿಯಿತು. ಮೊದಲಿನಿಂದ ಕೊನೆಯವರೆಗೆ ಒಂದೇ ದಪ್ಪದ ಗೆರೆ, ಕೊನೆಯಲ್ಲಿ ಬೆರಳಿನಲ್ಲೇ ಬ್ರಷ್ಷನ್ನು ಸ್ವಲ್ಪ ತಿರುಗಿಸಿ ಎತ್ತಿದಳು. ಅಷ್ಟು ಹತ್ತಿರದಿಂದ ನಾನು ಅವಳ ಕೆಲಸ ನೋಡಿದ್ದು ಅದೇ ಮೊದಲು.

ಗೇಟಿನ ಕಾವಲುಗಾರ ಕುರ್ಚಿಯಿಂದ ಎದ್ದು ಬಂದು ಬೋರ್ಡು ನೋಡಿದ. "ಏನು ಹೇಳಿ, ರಕ್ತದಲ್ಲಿ ಬರಬೇಕು ಇದೆಲ್ಲ. ನಿಮ್ಮ ತಂಗಿಗೆ ಅಪ್ಪನ ಕೈ ಬಂದಿದೆ ಅಲ್ವಾ?"

"ಬಂದಿದೆ," ಅಂದೆ. "ನಡುಗೋ ಕೈ ಬಂದಿದೆ. ಗೆರೆ ಅವಳು ಮಾಡ್ಕೊಂಡಿದ್ದು."

ಅವನಿಗೆ ಅರ್ಥವಾಗಲಿಲ್ಲ. ತಂಗಿ ಮಾತ್ರ ತಿರುಗಿ ನನ್ನ ಮುಖ ನೋಡಿದಳು. ಹೇಳುವಾಗ ನನ್ನ ಹೊಟ್ಟೆ ಹಿಂದೆಂದಿಗಿಂತ ಜಾಸ್ತಿ ಉರಿಯುತ್ತಿತ್ತು. ಪುಕ್ಕಟೆ ಬಂದದ್ದು ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ, ಇನ್ನು ಆ ಸಮಾಧಾನವೂ ಇಲ್ಲ.

ಅವಳು ಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ ನನ್ನ ಕೈಗೆ ಕೊಟ್ಟಳು. ನನ್ನ ಗೆರೆಯನ್ನು ನಾನೇ ಒರೆಸಿದೆ.

"ಭಾನುವಾರ ಶೆಡ್ಡಿಗೆ ಬಾ," ಅಂದಳು. "ನೀರು, ಒಣ ಹಲಗೆ. ಬಣ್ಣ ಮುಟ್ಟೋಕೆ ಬಿಡಲ್ಲ."